ರೆಸ್ಪಾನ್ಸಿವ್‌ಗೆ 'ಸ್ಪಂದನಶೀಲ' ಒಗ್ಗುತ್ತಾ?

ಎಲ್ಲರಿಗೂ ನಮಸ್ಕಾರ. ಹಳ್ಳಿ ಶಾಲೆ ಮೇಷ್ಟ್ರುಗಳಿಗೆ ಅಂತ ವೆಬ್‌ಸೈಟ್ ಮಾಡೋ ಕೈಪಿಡಿ ಒಂದನ್ನ ಕನ್ನಡಕ್ಕೆ ತರ್ತಾ ಇದೀನಿ, ಮೂರನೇ ಪುಟಕ್ಕೇ ಸಿಕ್ಕಾಕೊಂಡೆ. 'ರೆಸ್ಪಾನ್ಸಿವ್' ಅನ್ನೋ ಪದ. ಅದೇ, ಕಂಪ್ಯೂಟರಲ್ಲಿ ಮೂರು ಕಾಲಮ್ಮಾಗಿ ಕಾಣೋ ಪುಟಾನೇ ಮೊಬೈಲಲ್ಲಿ ಒಂದು ಕಾಲಮ್ಮಾಗಿ ಕೂತ್ಕೊಳ್ಳೋದು. ಕೆಲವರು ಇದಕ್ಕೆ 'ಸ್ಪಂದನಶೀಲ' ಅಂತ ಹಾಕಿದಾರೆ, ನನಗೆ ಯಾಕೋ ಗಂಟಲಲ್ಲಿ ಇಳೀತಿಲ್ಲ.

ಸ್ಪಂದನ ಅಂದ್ರೆ ಮೂಲದಲ್ಲಿ ಮಿಡಿತ, ಅದುರೋದು. ನಾವು ಅದನ್ನ ಕಷ್ಟಕ್ಕೆ ಸ್ಪಂದಿಸೋದು, ಮನವಿ ಕೊಟ್ರೂ ಅಧಿಕಾರಿಗಳು ಸ್ಪಂದಿಸದೇ ಇರೋದು, ಇಂಥದ್ದಕ್ಕೆ ಬಳಸ್ತೀವಿ, ಅಂದ್ರೆ ಅಲ್ಲೊಂದು ಮನಸ್ಸು ಇರ್ಬೇಕು (ಅಧಿಕಾರಿಗಳ ವಿಷಯ ಬಿಡಿ). ಅದು ಸಾಲದು ಅಂತ ಹ್ಯಾಂಗ್ ಆದ ಆ್ಯಪ್‌ಗೂ 'ಸ್ಪಂದಿಸ್ತಿಲ್ಲ' ಅಂತೀವಿ. ಹಾಗಿರುವಾಗ 'ಈ ಸೈಟು ಸ್ಪಂದನಶೀಲವಲ್ಲ' ಅಂತ ಬರೆದ್ರೆ ಮೇಷ್ಟ್ರು ಏನಂತ ತಿಳ್ಕೋಬೇಕು, ಸೈಟು ಕೆಟ್ಟು ಕೂತಿದೆ ಅಂತಲೋ, ಮೊಬೈಲಲ್ಲಿ ಅಕ್ಷರ ಇರುವೆ ಸಾಲಿನ ಥರ ಕಾಣುತ್ತೆ ಅಂತಲೋ?

ಇಂಗ್ಲಿಷಲ್ಲಿ ಈ ಹೆಸರು ಇಟ್ಟವರು ವೆಬ್ ಡಿಸೈನರ್ ಈಥನ್ ಮಾರ್ಕಾಟ್, 2010ರಲ್ಲಿ. ಅವರಿಗೆ ಅದು ಸಿಕ್ಕಿದ್ದು ಕಟ್ಟಡ ಕಟ್ಟೋರ ಹತ್ರ, ಒಳಗಿರೋ ಜನಕ್ಕೆ ತಕ್ಕ ಹಾಗೆ ಗೋಡೆ, ಜಾಗ ಬದಲಾಗೋ 'ರೆಸ್ಪಾನ್ಸಿವ್ ಆರ್ಕಿಟೆಕ್ಚರ್' ಅನ್ನೋ ಯೋಚನೆಯಿಂದ. ಹಿಗ್ಗಿ ಕುಗ್ಗೋ ಗ್ರಿಡ್ಡು, ಜೊತೆಗೇ ಕುಗ್ಗೋ ಚಿತ್ರ, ಪರದೆ ಎಷ್ಟಗಲ ಅಂತ ವಿಚಾರಿಸ್ಕೊಳ್ಳೋ ಮೀಡಿಯಾ ಕ್ವೆರಿ, ಈ ಮೂರನ್ನ ಸೇರಿಸಿ ಹಾಗೆ ಕರೆದ್ರು. ಅಂದ್ಮೇಲೆ ನಮಗೆ ಬೇಕಿರೋದು ಮಿಡಿಯೋ ಪದ ಅಲ್ಲ, ಇದ್ದ ಜಾಗಕ್ಕೆ ಸರಿಯಾಗಿ ಕೂತ್ಕೊಳ್ಳೋ ಪದ.

ಹೊಂದಿಕೊಳ್ಳು? ಅರ್ಥ ಸರಿ. ಆದ್ರೆ 'ಹೊಂದ್ಕೊಂಡು ಹೋಗಮ್ಮ' ಅಂತ ಮದುವೆ ಹೆಣ್ಣಿಗೆ ಹೇಳಿ ಹೇಳಿ ಆ ಪದಕ್ಕೇ ಕಣ್ಣೀರು ಅಂಟಿದೆ, 'ಹೊಂದಾಣಿಕೆ' ಅಂದ್ರೆ ಎಲೆಕ್ಷನ್ ನೆನಪಾಗುತ್ತೆ. ಅಳವಡಿಕೆ? ಹಳಗನ್ನಡದ 'ಅಳವಡು' ಇದಕ್ಕಂತಲೇ ಹುಟ್ಟಿದ ಹಾಗಿದೆ, ಅಳವು ಅಂದ್ರೆ ಅಳತೆ, ಅಳವಡು ಅಂದ್ರೆ ಅಳತೆಗೆ ಸರಿಹೊಂದು. ಏನ್ಮಾಡೋದು, ಮಾತಲ್ಲಿ ಅಳವಡು ಹೋಗಿ ಅಳವಡಿಸು ಮಾತ್ರ ಉಳೀತು, ಈಗ ಅಳವಡಿಸೋದು ಅಂದ್ರೆ ಸಿಸಿಟಿವಿ ಕ್ಯಾಮೆರಾ. ತಾನೇ ಆಗೋದು ಹೋಯ್ತು, ಯಾರೋ ಮಾಡ್ಸೋದು ಉಳೀತು.

ಈ ಆಗೋದು-ಮಾಡ್ಸೋದು ವ್ಯತ್ಯಾಸ ಇಲ್ಲಿ ಬೇಕೇ ಬೇಕು, ಅದಕ್ಕೇ ನನ್ನ ಒಲವು 'ಒಗ್ಗು' ಕಡೆಗೆ. ಒಗ್ಗು, ಒಗ್ಗಿಸು, ಎರಡೂ ಜೀವಂತ ಇವೆ. ರೆಸ್ಪಾನ್ಸಿವ್ ಪುಟ ತಾನೇ ಪರದೆಗೆ ಒಗ್ಗುತ್ತೆ. ಹಳೇ ಕೀಪ್ಯಾಡ್ ಫೋನ್ ಕಾಲದ ಒಪೆರಾ ಮಿನಿ ಬ್ರೌಸರ್ ನೆನಪಿದ್ಯಾ, ಅದ್ರಲ್ಲಿ ಪುಟ ಮೊದ್ಲು ಅವರ ಸರ್ವರ್‌ಗೆ ಹೋಗಿ ಅಲ್ಲಿ ಹಿಂಡಿ ಸಣ್ಣ ಮಾಡಿಸ್ಕೊಂಡು ಆಮೇಲೆ ಫೋನಿಗೆ ಬರ್ತಿತ್ತು, ಅದು ಒಗ್ಗಿಸೋದು. ಇನ್ನು 'ಅಡಾಪ್ಟಿವ್' ಡಿಸೈನ್ ಅಂತ ಬೇರೆ ಇದೆ, ಮೂರ್ನಾಲ್ಕು ಅಳತೆ ಮೊದಲೇ ಹೊಲಿದಿಟ್ಟು ಫೋನ್ ನೋಡಿ ಒಂದನ್ನ ಕೊಡೋದು. ಅದು ರೆಡಿಮೇಡ್ ಅಂಗಿ, ರೆಸ್ಪಾನ್ಸಿವ್ ಪಂಚೆ. ಪಂಚೆ ಯಾರ ಸೊಂಟಕ್ಕಾದ್ರೂ ಆಗುತ್ತೆ.

ವಿಡಿಯೋ ವಿಷಯಕ್ಕೆ ಬಂದ್ರೆ 'ಅಡಾಪ್ಟಿವ್ ಬಿಟ್‌ರೇಟ್'. ಒಂದೇ ವಿಡಿಯೋನ 240ಪಿ, 480ಪಿ, 1080ಪಿ ಹಿಂಗೆ ಬೇರೆಬೇರೆ ಗುಣಮಟ್ಟದಲ್ಲಿ, ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಇಟ್ಟಿರ್ತಾರೆ, ನಮ್ಮ ಫೋನಲ್ಲಿರೋ ಪ್ಲೇಯರ್ ನೆಟ್ ಎಷ್ಟಿದೆ ಅಂತ ಅಳೆದು ಮುಂದಿನ ತುಂಡು ಯಾವ ಗುಣಮಟ್ಟದ್ದು ಅಂತ ತಾನೇ ಆರಿಸಿ ತರಿಸ್ಕೊಳ್ಳುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚೋದು, ಅಷ್ಟೇ. ಗಾದೆಯಿಂದ ಪಾರಿಭಾಷಿಕ ಪದ ಮಾಡೋಕೆ ಆಗಲ್ಲ ನೋಡಿ, ಆಗಿದ್ರೆ ನನ್ನ ಕೆಲಸ ಮುಗೀತಿತ್ತು. ತೀರ್ಥಹಳ್ಳಿ ಕಡೆ ಇರೋ ನಮ್ಮತ್ತೆ ಮಳೆಗಾಲದಲ್ಲಿ ಯಕ್ಷಗಾನ ವಿಡಿಯೋ ನೋಡ್ತಾ 'ಮಬ್ಬಾತು ಮಾರಾಯ, ನಿಂತಂತೂ ನಿಂತಿಲ್ಲ' ಅಂದಿದ್ರು. ಕ್ವಾಲಿಟಿ ಇಳಿಯೋದಕ್ಕೆ 'ಮಬ್ಬಾಗು' ಅಂತ ಆಗಲೇ ಬರ್ಕೊಂಡೆ. 'ಬಫರಿಂಗ್' ಇನ್ನೂ ಮಜಾ, ನಿಜವಾದ ಅರ್ಥ ಮುಂದಕ್ಕೆ ಬೇಕಾಗಿದ್ದನ್ನ ಮೊದಲೇ ಕೂಡಿಟ್ಕೊಳ್ಳೋದು, ನಾವು ಹೇಳೋದು ಕೂಡಿಟ್ಟಿದ್ದು ಖಾಲಿಯಾಗಿ ಚಕ್ರ ಸುತ್ತೋದಕ್ಕೆ. ಜನ 'ಸುತ್ತುತ್ತಾ ಇದೆ' ಅಂತಾರೆ, ನಾನೂ ಹಾಗೇ ಬರೀತೀನಿ. 'ಗ್ರೇಸ್‌ಫುಲ್ ಡಿಗ್ರೆಡೇಶನ್' (ಎಲ್ಲಾ ಸೌಲಭ್ಯ ಸಿಗದಿದ್ರೂ ಪೂರ್ತಿ ಕೈಕೊಡದೆ ಇದ್ದಷ್ಟರಲ್ಲಿ ನಡೆಯೋದು) ಅನ್ನೋದಕ್ಕೆ ನಿಘಂಟು ಹಿಡ್ಕೊಂಡು ಹೋದ್ರೆ 'ಸೊಗಸಾದ ಅವನತಿ' ಅಂತಾಗುತ್ತೆ, ಅದನ್ನ ಬಿಟ್ಟು ಬೇರೆ ಏನಾದ್ರೂ ಹೊಳೆದ್ರೆ ಹೇಳಿ.

ಈಗ ನನ್ನ ಅನುಮಾನ. ನಾವು 'ಆ ಊರಿನ ನೀರು ನಂಗೆ ಒಗ್ಗಲ್ಲ', 'ಈ ಮಾತ್ರೆ ಮೈಗೆ ಒಗ್ತಿಲ್ಲ' ಅಂತೀವಿ, ಅಲ್ಲೆಲ್ಲ ಒಗ್ಗೋದಕ್ಕೆ ಒಂದು ಮೈ ಇದೆ, ಸ್ವಲ್ಪ ದಿನಾನೂ ಹಿಡಿಯುತ್ತೆ. ಪುಟ ಒಗ್ಗೋದು ಕಣ್ಣು ಮಿಟುಕಿಸೋದ್ರೊಳಗೆ. ಜೀವ ಇಲ್ಲದ ವಸ್ತು ಇನ್ನೊಂದು ವಸ್ತುಗೆ ಒಗ್ತು ಅಂತ ನಿಮ್ಮ ಕಡೆ ಅಂತಾರಾ? ಬಾಗಿಲು ಚೌಕಟ್ಟಿಗೆ ಒಗ್ತು, ಮುಚ್ಚಳ ಡಬ್ಬಿಗೆ ಒಗ್ತು, ಈ ಥರ? ಧಾರವಾಡ, ಕಲಬುರಗಿ ಕಡೆಯವರು ಮತ್ತೆ ಬಡಗಿ ಕೆಲಸ, ಟೈಲರಿಂಗ್ ಗೊತ್ತಿರೋರು ಹೇಳಿದ್ರೆ ತುಂಬಾ ಉಪಕಾರ ಆಗುತ್ತೆ, ಅಲ್ಲೀವರೆಗೂ ಕೈಪಿಡೀಲಿ 'ಪರದೆಗೆ ಒಗ್ಗುವ ಪುಟ' ಅಂತ ಪೆನ್ಸಿಲಲ್ಲಿ ಬರೆದಿಟ್ಟಿರ್ತೀನಿ.