ಸಕಲೇಶಪುರದ ಕಾಫಿ ಬಂದರಿಗೆ: ಲಾರಿಯೋ, ರೈಲೋ?

ಪ್ರಶ್ನೆ: ನಮ್ಮ ಕಾಫಿ ಮೂಟೆಗಳು ಶಿರಾಡಿ ಘಾಟಿಯ ಮೂಲಕ ಲಾರಿಯಲ್ಲೇ ನವಮಂಗಳೂರು ಬಂದರು ಸೇರುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಕಾದ ವಾಸನೆ ಕ್ಯಾಬಿನ್ ತುಂಬುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿಯೇ ಮುಚ್ಚುತ್ತದೆ. ಹತ್ತಿರದಲ್ಲೇ ಹಳಿಯಿರುವಾಗ ಲಾರಿ, ರೈಲು, ಹಡಗುಗಳನ್ನು ಜೋಡಿಸಿದರೆ ವೆಚ್ಚವೂ ಹೊಗೆಯೂ ತಗ್ಗುವುದಿಲ್ಲವೇ?

ಉತ್ತರ 1: ಹೊಗೆ ತಗ್ಗೀತು, ಆದರೆ ವೆಚ್ಚ ತಗ್ಗುವುದು ಅನುಮಾನ ಸರ್. ಮಂಗಳೂರಿಗೆ ಇರುವುದು ಸುಮಾರು 130 ಕಿ.ಮೀ. ಮಾತ್ರ. ನಿಲ್ದಾಣದಲ್ಲಿ ಇಳಿಸಿ, ವ್ಯಾಗನ್‌ಗೆ ಏರಿಸಿ, ಬಂದರಿನಲ್ಲಿ ಮತ್ತೆ ಇಳಿಸುವ ಹಮಾಲಿ ಕೂಲಿಯು ದೂರದ ಪಯಣದಲ್ಲಿ ಹಂಚಿಹೋಗುತ್ತದೆಯಾದರೂ, ಇಷ್ಟು ಹತ್ತಿರದ ದಾರಿಯಲ್ಲಿ ರೈಲಿನ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ. ಅದಲ್ಲದೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ರೈಲು ನಿಲ್ದಾಣದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1 (ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಎತ್ತರ) ಇರುವುದರಿಂದ ಗಾಡಿ ಹತ್ತಿಸಲು ಹೆಚ್ಚುವರಿ ಎಂಜಿನ್‌ಗಳೇ ಬೇಕು. ಅದಕ್ಕಾಗಿ ಕಾಡು ಕಡಿದು ಇನ್ನೊಂದು ಹಳಿ ಹಾಕುವ ಮಾತನ್ನು ನಾನಂತೂ ಒಪ್ಪಲಾರೆ.

ಉತ್ತರ 2: ಕೊಂಕಣ ರೈಲ್ವೆಯ ರೋ-ರೋ ಸೇವೆಯನ್ನೂ ಗಮನಿಸಿ. 1999ರಲ್ಲಿ ಆರಂಭವಾಗಿ ಮುಂದೆ ಸುರತ್ಕಲ್‌ವರೆಗೆ ಬಂದ ಈ ವ್ಯವಸ್ಥೆಯಲ್ಲಿ ತುಂಬಿದ ಲಾರಿಯೇ ವ್ಯಾಗನ್ ಏರಿ ಮಹಾರಾಷ್ಟ್ರದ ಕೊಲಾಡ್ ತಲುಪುತ್ತದೆ. ಡೀಸೆಲ್, ಟೈರ್, ಹಮಾಲಿ ಎಲ್ಲವೂ ಉಳಿಯುತ್ತವೆ. ಆದರೆ ಸರಕಿನ ಜೊತೆಗೆ ಲಾರಿಯ ತೂಕವನ್ನೂ ರೈಲೇ ಎಳೆಯಬೇಕು.

ಉತ್ತರ 3: ಹಾಗಾದರೆ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲೇ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಕಂಟೇನರ್ ತುಂಬಿ ಮೊಹರು ಹಾಕುವುದು ಮೇಲು. ಮುಂದೆ ಯಾರೂ ಮೂಟೆ ಮುಟ್ಟಬೇಕಾಗಿಲ್ಲ, ಕ್ರೇನ್ ಇದ್ದರೆ ಸಾಕು. ಒಬ್ಬ ಬೆಳೆಗಾರರಿಂದ ರೈಲು ತುಂಬದು. ನೆರೆಹೊರೆಯವರೆಲ್ಲ ಒಂದೇ ವಾರದಲ್ಲಿ ಸರಕು ಕೊಡಲು ಒಪ್ಪುವರೇ ಎಂದು ಮೊದಲು ವಿಚಾರಿಸಿ.