ಜಪಾನ್ ಕಂಪನಿಗೆ ಅರ್ಜಿ: ಇಂಗ್ಲಿಷ್ ರೆಸ್ಯೂಮೆ ಒಂದೇ ಸಾಕಾ?

ಪ್ರಶ್ನೆ – ಗೇರ್‌ಬಾಕ್ಸ್
ಮೆಕ್ಯಾನಿಕಲ್ ಡಿಸೈನ್‌ನಲ್ಲಿ ನಾಲ್ಕು ವರ್ಷ ಅನುಭವ, ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್3 (ಮಧ್ಯಮ ಹಂತ) ಪಾಸಾಗಿದೆ. ನಗೋಯಾ ಕಡೆಯ ಕಂಪನಿಗಳಿಗೆ ಇಂಗ್ಲಿಷ್ ರೆಸ್ಯೂಮೆ ಕಳಿಸಿದರೆ ಉತ್ತರವೇ ಇಲ್ಲ. ಒಂದು ಕಡೆಯವರು ಮಾತ್ರ ರಿರೆಕಿಶೊ (ಜಪಾನಿ ಬಯೊಡೇಟಾ), ಶೊಕುಮು ಕೇರೆಕಿಶೊ (ಕೆಲಸದ ಅನುಭವದ ವಿವರ) ಎರಡೂ ಕೇಳಿದ್ದಾರೆ. ಯಾವುದರಲ್ಲಿ ಏನು ಬರೆಯಬೇಕು? ಸಂಬಳದ ಮಾತು ಯಾವಾಗ ಎತ್ತಬೇಕು?

ಉತ್ತರ – ಮೂರನೇಕೋನ
ರಿರೆಕಿಶೊ ನಿಗದಿತ ಫಾರ್ಮು, ಸ್ವಂತ ಡಿಸೈನ್ ಬೇಡ. ಅಲ್ಲಿನ ಕಾರ್ಮಿಕ ಸಚಿವಾಲಯ 2021ರಲ್ಲಿ ಕೊಟ್ಟ ನಮೂನೆ ಸಾಕು. ಫೋಟೊ 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ; ಸೂಟು ಹಾಕಿ ಮೂರು ತಿಂಗಳೊಳಗೆ ತೆಗೆಸಿದ್ದಿರಲಿ. ಮೊದಲು ಓದು, ಆಮೇಲೆ ಕೆಲಸ, ಎರಡೂ ಹಳೆಯದರಿಂದ ಹೊಸದಕ್ಕೆ. ಇಸವಿ ಕ್ರಿ.ಶ.ದಲ್ಲಾದರೂ ಬರೆಯಿರಿ, ಜಪಾನಿನ ಈಗಿನ ಚಕ್ರವರ್ತಿಯ ಕಾಲದ ರೇವಾ ಲೆಕ್ಕದಲ್ಲಾದರೂ ಬರೆಯಿರಿ (2024 ಅಂದರೆ ರೇವಾ 6), ಎರಡನ್ನೂ ಬೆರೆಸಬೇಡಿ. ಯಾವ ಕಾಲಮ್ಮೂ ಖಾಲಿ ಬೇಡ. ಹೇಳುವಂಥದ್ದಿಲ್ಲದಿದ್ದರೆ ‘ತೊಕುನಿ ನಾಶಿ’ (ವಿಶೇಷವೇನಿಲ್ಲ) ಅಂತ ಹಾಕಿ. ಕೆಲಸದ ವಿವರ ಮುಗಿದ ಕಡೆ ಬಲತುದಿಗೆ ‘ಇಜೊ’ (ಇಷ್ಟೇ) ಅಂತ ಬರೆಯಿರಿ.

ಶೊಕುಮು ಕೇರೆಕಿಶೊದಲ್ಲೇ ನಿಮ್ಮ ಕಸುಬು ಕಾಣಬೇಕು. ಎ4 ಹಾಳೆ ಎರಡು, ಹೆಚ್ಚೆಂದರೆ ಮೂರು. ಪ್ರತಿ ಪ್ರಾಜೆಕ್ಟ್‌ಗೂ ಅವಧಿ, ತಂಡದಲ್ಲಿ ಎಷ್ಟು ಜನ, ನಿಮ್ಮ ಪಾಲಿನ ಕೆಲಸ ಯಾವುದು, ಯಾವ ಕ್ಯಾಡ್, ಭಾಗ ಕಾಸ್ಟಿಂಗ್‌ದೋ ಶೀಟ್ ಮೆಟಲ್‌ದೋ, ಫಲಿತಾಂಶ ಅಂಕಿಯಲ್ಲಿ. ಡ್ರಾಯಿಂಗ್‌ನಲ್ಲಿ ಭಾಗದ ನೋಟಗಳನ್ನು ಜೋಡಿಸುವ ಕ್ರಮ ಜಪಾನಿನಲ್ಲಿ ಥರ್ಡ್ ಆ್ಯಂಗಲ್, ನಮ್ಮಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್. ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಡ್ರಾಯಿಂಗ್ ಓದಿ ಅಭ್ಯಾಸವಿದ್ದರೆ ಒಂದು ಸಾಲು ಬರೆಯಿರಿ, ಆ ಸಾಲಿಗೆ ಬೆಲೆಯಿದೆ. ಎರಡು ಕಾಗದಗಳಲ್ಲೂ ತಿಂಗಳು ತಾಳೆಯಾಗಬೇಕು. ಒಂದು ತಿಂಗಳ ಅಂತರವಿದ್ದರೂ ‘ಆಗ ಏನು ಮಾಡುತ್ತಿದ್ದಿರಿ’ ಅನ್ನುತ್ತಾರೆ.

ಉತ್ತರ – ಸಂಬಳಚೀಟಿ
ಸಂಬಳದ ಮಾತು ಮೊದಲ ಸುತ್ತಿನಲ್ಲಿ ನೀವಾಗಿ ಎತ್ತಬೇಡಿ. ಅವರು ಕೇಳಿದರೆ ವಾರ್ಷಿಕ ಮೊತ್ತವನ್ನು ಯೆನ್‌ನಲ್ಲಿ ಹೇಳಿ. ಏಜೆಂಟ್ ಇದ್ದರೆ ಅವರ ಬಾಯಲ್ಲೇ ಕೇಳಿಸಿ. ಏಜೆಂಟ್‌ಗೆ ಹಣ ಕೊಡುವುದು ಕಂಪನಿ, ನಿಮ್ಮಿಂದ ಶುಲ್ಕ ಕೇಳಿದವರನ್ನು ಬಿಟ್ಟುಬಿಡಿ. ಆಫರ್ ಬಂದಾಗ ಮಾಸಿಕ ಮೊತ್ತದೊಳಗೇ ಓವರ್‌ಟೈಮ್ ಹಣ ಸೇರಿದೆಯೇ ನೋಡಿ. ಸೇರಿದ್ದರೆ ಎಷ್ಟು ಗಂಟೆಯದು, ಅದು ಬಿಟ್ಟು ಮೂಲ ವೇತನ ಎಷ್ಟು, ಮೀರಿದ ಗಂಟೆಗೆ ಬೇರೆ ಕೊಡುತ್ತಾರಾ, ಮೂರೂ ಬರವಣಿಗೆಯಲ್ಲಿರಬೇಕು. ಓವರ್‌ಟೈಮ್‌ಗೆ ಅಲ್ಲಿನ ಕಾನೂನಿನ ಸಾಮಾನ್ಯ ಮಿತಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360.

ಇಂಟರ್‌ವ್ಯೂನಲ್ಲಿ ಎಲ್ಲರೂ ಎಡವುವ ಪ್ರಶ್ನೆ ‘ನಮ್ಮ ಕಂಪನಿಯೇ ಯಾಕೆ?’ ಜಪಾನ್ ಇಷ್ಟ ಅನ್ನುವುದು ಅದಕ್ಕೆ ಉತ್ತರವಲ್ಲ. ಅವರ ಯಾವ ಉತ್ಪನ್ನ, ಅದರಲ್ಲಿ ನಿಮ್ಮ ಯಾವ ಅನುಭವ ಕೂಡುತ್ತದೆ ಅಂತ ಹೇಳಿ. ಹಳೆಯ ಬಾಸ್ ಮೇಲಿನ ದೂರು ಬೇಡವೇ ಬೇಡ.

ಗೇರ್‌ಬಾಕ್ಸ್
ಇಬ್ಬರಿಗೂ ಥ್ಯಾಂಕ್ಸ್. ನನ್ನ ನೋಟಿಸ್ ಪೀರಿಯಡ್ 90 ದಿನ. ಅದನ್ನು ಕೊನೆಗೆ ಹೇಳಿದರೆ ನಡೆಯುತ್ತಾ?

ಉತ್ತರ – ಮೂರನೇಕೋನ
ಇಲ್ಲ, ಮೊದಲ ಸುತ್ತಿನಲ್ಲೇ ಹೇಳಿ. ನೈತೇ (ಆಫರ್) ಬಂದ ಮೇಲೆ ಕಂಪನಿ ಅಲ್ಲಿನ ಇಮಿಗ್ರೇಷನ್‌ನಲ್ಲಿ ಸಿಒಇ ಪತ್ರಕ್ಕೆ (ವೀಸಾಗೆ ಬೇಕಾದ ಅರ್ಹತಾ ಪ್ರಮಾಣಪತ್ರ) ಅರ್ಜಿ ಹಾಕುತ್ತದೆ. ಸಿಒಇ ಸಾಮಾನ್ಯವಾಗಿ ಮೂರೇ ತಿಂಗಳು ಚಾಲ್ತಿ, ಅಷ್ಟರೊಳಗೆ ವೀಸಾ ಮಾಡಿಸಿ ಜಪಾನಿಗೆ ಇಳಿದಿರಬೇಕು. ಅದು ಕೈಗೆ ಬಂದ ಮೇಲೆ ರಾಜೀನಾಮೆ ಕೊಟ್ಟರೆ 90 ದಿನ ಮುಗಿಯುವಷ್ಟರಲ್ಲಿ ಪತ್ರದ ಅವಧಿಯೂ ಮುಗಿಯುತ್ತದೆ. ಬರುವ ಮೊದಲೇ ಕೊಟ್ಟರೆ ಅರ್ಜಿ ತಿರಸ್ಕಾರವಾದಾಗ ಎರಡೂ ಕಡೆ ಕೆಲಸ ಇರಲ್ಲ. ನೋಟಿಸ್ ಬೈ-ಔಟ್ (ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಬಿಡುವುದು) ಸಾಧ್ಯವೇ ಅಂತ ಈಗಿನ ಎಚ್‌ಆರ್ ಪಾಲಿಸಿಯಲ್ಲಿ ನೋಡಿಕೊಳ್ಳಿ, ಸೇರುವ ತಾರೀಖನ್ನು ಅದಕ್ಕೆ ತಕ್ಕಂತೆ ಕೇಳಿ.