ಅಪ್‌ಡೇಟ್: ಫೈಬರ್ ಪೆಟ್ಟಿಗೆಯ ಜೊತೆ ಸ್ವಂತ ರೌಟರ್, ಕೊನೆಗೂ ಕೂಡಿಬಂತು

ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯನ್ನು ಕಿತ್ತು ನನ್ನದೇ ರೌಟರ್ ಹಾಕಬಹುದೇ ಎಂದು ಕೇಳಿದ್ದೆ. ಪೂರ್ತಿ ಕೀಳಲಾಗಲಿಲ್ಲ, ಆದರೆ ಬೇಕಾದದ್ದು ಸಿಕ್ಕಿತು.

ಬಂದ ಉತ್ತರಗಳಲ್ಲಿ ಫಲ ಕೊಟ್ಟದ್ದು ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕುವ ಸಲಹೆ. ಪೆಟ್ಟಿಗೆ ಈಗ ಬೆಳಕಿನ ಸಂಕೇತವನ್ನು ಈಥರ್ನೆಟ್‌ಗೆ ಬದಲಿಸುವ ಕೂಲಿಯಷ್ಟೇ ಮಾಡುತ್ತದೆ. ಪಿಪಿಪಿಒಇ ಲಾಗಿನ್ (ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ವಿಧಾನ), ವೈಫೈ ಎಲ್ಲವೂ ನನ್ನ ರೌಟರಿನದು. ಗ್ರಾಹಕ ಸೇವೆಯವರು ಅಂಥ ಸೌಲಭ್ಯವೇ ಇಲ್ಲವೆಂದು ಸಾಧಿಸಿದರು. ಲೈನ್‌ಮನ್ ಮಾತ್ರ ನಗುತ್ತಲೇ ಬಳಕೆದಾರ ಹೆಸರು, ಪಾಸ್‌ವರ್ಡ್, ವಿ-ಲ್ಯಾನ್ ಸಂಖ್ಯೆ (ಒಂದೇ ತಂತಿಯಲ್ಲಿ ಬೇರೆ ಬೇರೆ ಸೇವೆಗಳನ್ನು ಬೇರ್ಪಡಿಸುವ ಗುರುತು) ಬರೆದುಕೊಟ್ಟರು. ನನ್ನ ಸಂಪರ್ಕದಲ್ಲಿ ಆ ಸಂಖ್ಯೆ ಹಾಕದಿದ್ದರೆ ರೌಟರ್ ಎಷ್ಟು ಕೂಗಿದರೂ ಆಚೆಯಿಂದ ಓಗೊಡುವವರಿಲ್ಲ.

ಪೆಟ್ಟಿಗೆಯ ಮ್ಯಾಕ್ ವಿಳಾಸವನ್ನು, ಅಂದರೆ ಜಾಲದಲ್ಲಿ ಉಪಕರಣದ ಗುರುತು ಸಂಖ್ಯೆಯನ್ನು, ರೌಟರಿಗೆ ನಕಲಿಸುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಕಂಪನಿಯ ಜಿಪಾನ್ ಜಾಲ (ಫೈಬರ್ ಜಾಲದ ಒಂದು ಬಗೆ) ಗುರುತು ಹಿಡಿಯುವುದು ಪೆಟ್ಟಿಗೆಯ ಸರಣಿ ಸಂಖ್ಯೆಯನ್ನು.

ಆಮೇಲೊಂದು ವಿಚಿತ್ರ: ಎಲ್ಲವೂ ಓಡುತ್ತಿತ್ತು, ಬ್ಯಾಂಕಿನ ಪುಟ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಪ್ರತಿ ಪ್ಯಾಕೆಟ್‌ನಲ್ಲಿ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) 8 ಬೈಟ್ ಜಾಗವನ್ನು ಪಿಪಿಪಿಒಇ ತಿನ್ನುತ್ತದೆ. ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಬೈಟ್ ಇದ್ದದ್ದನ್ನು 1492 ಮಾಡಿದೆ, ಸರಿಹೋಯಿತು.

ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವ ಆಸೆ ಈಡೇರಿಲ್ಲ. ರೌಟರಿಗೆ ಸಿಕ್ಕ ವಿಳಾಸ 100.64ರಿಂದ ಆರಂಭವಾಗುತ್ತದೆ, ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು (ಹೊರ ಇಂಟರ್ನೆಟ್‌ಗೆ ಕಾಣುವ ವಿಳಾಸ) ಹಲವು ಗ್ರಾಹಕರಿಗೆ ಹಂಚಿದ್ದಾರೆ, ಹಾಗಾಗಿ ಹೊರಗಿನ ಕರೆ ನೇರವಾಗಿ ನನ್ನ ರೌಟರಿಗೆ ತಲುಪುವುದಿಲ್ಲ. ನನಗೊಬ್ಬನಿಗೇ ಮೀಸಲಾದ ಸ್ಥಿರ ಐಪಿಗೆ ಬೇರೆ ಹಣ ಕಟ್ಟಬೇಕಂತೆ, ಸದ್ಯಕ್ಕೆ ಬೇಡವೆಂದು ಬಿಟ್ಟಿದ್ದೇನೆ.